ಕಂಚಿನಕಂಠ ಮಾತಾಡದ ನಲವತ್ತು ನಿಮಿಷ

14, ಸೋಮವಾರ. ಬೆಳಿಗ್ಗೆ 8.20

ಪೆನ್ಸಿಲ್ ಆರು, ಚೂಪು ಮಾಡಿದ್ದಾಯಿತು. ನೋಟ್‌ಬುಕ್ ಎರಡು. ಒಂದು ಲೋಟ ಬಿಸಿನೀರು ಕುಡಿದು ಗಂಟಲು ಸರಿ ಮಾಡಿಕೊಂಡೆ. ದಿನವಿಡೀ ನಾನು ಒಂದು ಮಾತೂ ಆಡುವುದಿಲ್ಲ, ಆದರೂ. ಅಪ್ಪನ ನಾಟಕ ಕಂಪನಿಯ ಟ್ರಂಕುಗಳ ಮಧ್ಯೆ ಬೆಳೆದವನು. ಪರದೆ ಏಳುವ ಮುಂಚೆ ಗಂಟಲು ಸರಿಹೋಗದಿದ್ದರೆ ಕೈ ಓಡುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಸದನದ ಪ್ರತಿವೇದಕ. ಅವರು ಆಡುತ್ತಾರೆ, ನಾನು ಶೀಘ್ರಲಿಪಿಯಲ್ಲಿ ಗೀಚುತ್ತೇನೆ, ಆಮೇಲೆ ಟೈಪ್ ಮಾಡಿ ಕಡತಕ್ಕೆ. ಹತ್ತು ನಿಮಿಷ ನಾನು, ಮುಂದಿನ ಹತ್ತು ನಿಮಿಷ ಜೊತೆಯ ಪ್ರತಿವೇದಕ ಗೋಂದು. ಹಿಡಿದದ್ದನ್ನು ಬಿಡುವ ಆಸಾಮಿಯಲ್ಲ, ಅದಕ್ಕೇ ಆ ಹೆಸರು. ಹೀಗೆ ನಮ್ಮಲ್ಲಿ ಯಾರಿಗೂ ಪೂರ್ತಿ ನಾಟಕ ಗೊತ್ತಿರುವುದಿಲ್ಲ. ಅದಕ್ಕೇ ನಿದ್ದೆ ಬರುತ್ತದೆ.

ಈ ವಾರ ಬರುತ್ತಿಲ್ಲ. ದೊಡ್ಡ ಬ್ಯಾಂಕು ಮುಳುಗುತ್ತಿದೆ. ಸರ್ಕಾರ ಕೈಹಿಡಿದು ಎತ್ತಬೇಕು. ಅದಕ್ಕೊಂದು ರಕ್ಷಣಾ ಮಸೂದೆ, ಮಸೂದೆಗೊಂದು ಸರ್ವಪಕ್ಷ ಸಮಿತಿ, ಸಮಿತಿಗೆ ಮುಚ್ಚಿದ ಬಾಗಿಲು. ಚುನಾವಣೆಗೆ ಹತ್ತೊಂಬತ್ತು ದಿನ. ಆ ಬ್ಯಾಂಕಿನ ಮೂರನೇ ಕೌಂಟರಿನ ಕ್ಯಾಶಿಯರ್ — ನನ್ನ ಅಕ್ಕ.

ನಿನ್ನೆ ಬಂದಿದ್ದಳು. ಚಪ್ಪಲಿ ಬಿಡುವ ಮುಂಚೆಯೇ ಶುರು.

"ಲೋ, ಒಂದೇ ಮಾತು ಹೇಳು. ದುಡ್ಡು ಬರತ್ತಾ, ಇಲ್ವಾ?"

"ಪ್ರಮಾಣ ಮಾಡಿದೀನಿ ಅಕ್ಕ. ಒಳಗಿಂದು ಒಳಗೇ."

"ನಾನೂ ಪ್ರಮಾಣ ಮಾಡಿದ ಹಾಗೇ ಕೂತಿದೀನಿ ಕಣೋ. ಬಂದವರಿಗೆಲ್ಲ ಹೇಳ್ತಿದೀನಿ, ಹೆದರಬೇಡಿ, ನನ್ನ ದುಡ್ಡೂ ಇಲ್ಲೇ ಇದೆ, ನಾನೇ ತೆಗೆದಿಲ್ಲ ಅಂತ. ಪಕ್ಕದ ಬೀದಿ ಟೈಲರು, ಆ ರಿಟೈರ್ಡ್ ಮೇಷ್ಟ್ರು, ಎಲ್ರೂ ನನ್ನ ಮುಖ ನೋಡ್ಕೊಂಡು ವಾಪಸ್ ಹೋಗ್ತಿದಾರೆ. ಈ ಮುಖ ಇನ್ನೆಷ್ಟು ದಿನ ಹಿಡಿದಿಟ್ಕೊಳ್ಳಲಿ?"

"ಏಳು ವರ್ಷದವಳಿದ್ದಾಗ ರಂಗದ ಮೇಲೆ ಸತ್ತು ಬಿದ್ದಿದ್ದೆ, ನೆನಪಿದೆಯಾ? ಮೂಗಿನ ಮೇಲೆ ಸೊಳ್ಳೆ ಕೂತ್ರೂ ಅಲ್ಲಾಡಲಿಲ್ಲ ನೀನು."

"ಅವತ್ತು ಹತ್ತು ನಿಮಿಷಕ್ಕೆ ಪರದೆ ಬಿತ್ತಲ್ಲ."

ನಗಲಿಲ್ಲ.


15, ಮಂಗಳವಾರ. ಮಧ್ಯಾಹ್ನ 3.30

ಮುಗಿಯಿತು ಅಂದುಕೊಂಡಿದ್ದೆ.

ಸಮಿತಿಯಲ್ಲಿ ಹನ್ನೊಂದು ಜನ. 12.40ಕ್ಕೆ ಹಣಕಾಸು ಮಂತ್ರಿ ಪೆನ್ನಿನ ಕ್ಯಾಪ್ ಹಾಕಿದರು. "ಹಾಗಾದ್ರೆ ಆಯ್ತಲ್ಲ?" ವಿರೋಧ ಪಕ್ಷದ ಹಿರಿಯರು: "ಆಯ್ತು ಬಿಡಿ ಸ್ವಾಮಿ. ಈಗ ಊಟಕ್ಕೆ ಬಿಡಿ." ನನ್ನ ಸರದಿ. ನನ್ನ ಕೈಯಾರೆ ಬರೆದುಕೊಂಡೆ. ಇನ್ನು ಬೇಕಾದ್ದು ಸಹಿ, ಆಮೇಲೆ ಸದನದ ಒಪ್ಪಿಗೆ. ಕಾರಿಡಾರಿನಲ್ಲಿ ನಡೆಯುವಾಗ ಅಕ್ಕನಿಗೆ ಹೇಳಿಬಿಡುವ ಆಸೆ ಗಂಟಲವರೆಗೆ ಬಂದು ನಿಂತಿತ್ತು. ನುಂಗಿದೆ.

ಮೂರು ಗಂಟೆಗೆ ಕ್ಯಾಂಟೀನಿನ ಟೀವಿಯಲ್ಲಿ ಕಂಚಿನಕಂಠ. ವಿರೋಧ ಪಕ್ಷದ ಅಭ್ಯರ್ಥಿ, ಗೆದ್ದರೆ ದೇಶಕ್ಕೇ ಯಜಮಾನ. ಮೈಕ್ ಕೆಟ್ಟರೂ ಮೈದಾನದ ಕೊನೇ ಸಾಲು ಮುಟ್ಟುವ ಗಂಟಲು. ಘೋಷಣೆ ಏನೆಂದರೆ — ಜನರ ಹಣ ಅಪಾಯದಲ್ಲಿರುವಾಗ ನನಗೆ ಮತ ಮುಖ್ಯವಲ್ಲ. ಪ್ರಚಾರ ನಿಲ್ಲಿಸಿದ್ದೇನೆ. ಹೊರಟು ಬರುತ್ತಿದ್ದೇನೆ. ಈ ಸಂಧಾನವನ್ನು ನಾನೇ ಮುಗಿಸುತ್ತೇನೆ.

ಮುಗಿದದ್ದನ್ನು ಮುಗಿಸುವುದಕ್ಕೆ ಇವರು ಯಾಕೆ ಬರಬೇಕು?

ಗೋಂದು ಟೀ ಹೀರುತ್ತ, "ಮದುವೆ ಮುಗಿದ ಮೇಲೆ ವರ ಬಂದ ಹಾಗಾಯ್ತಲ್ಲೋ," ಅಂದ.

"ವರನೋ, ಒಡವೆ ಎತ್ಕೊಂಡು ಹೋಗೋಕೆ ಬಂದವನೋ, ನೋಡೋಣ ಇರು."

ಅವರು ಬಂದರೆ ಆಡಳಿತ ಪಕ್ಷದ ಅಭ್ಯರ್ಥಿ ನಗೆಮೊಗ ಸುಮ್ಮನೆ ಕೂರುತ್ತಾರೆಯೇ. ಅವರೂ ಬರುತ್ತಾರಂತೆ. ರಂಗ ಚಿಕ್ಕದು. ಇಬ್ಬರು ನಾಯಕರು.


16, ಬುಧವಾರ. ಸಂಜೆ 6.10

ಕ್ರಮವಾಗಿ ಬರೆಯಬೇಕು.

ಸಭೆ ನಾಲ್ಕಕ್ಕೆ. ರೆಕಾರ್ಡಿಂಗ್ ಯಂತ್ರ ಬೇಡ, ಪ್ರತಿವೇದಕ ಒಬ್ಬನೇ ಸಾಕು ಅಂದರು. ಒಬ್ಬನೇ ಅಂದರೆ ನಾನು. ಮೊದಲ ಸಲ ಪೂರ್ತಿ ನಾಟಕ.

4.05 — ಕಂಚಿನಕಂಠ ಪ್ರವೇಶ. ಎಂಥ ಪ್ರವೇಶ ಅದು. ಬಾಗಿಲಲ್ಲಿ ಎರಡು ಕ್ಷಣ ನಿಂತು, ಎಡಕ್ಕೊಂದು ನೋಟ, ಬಲಕ್ಕೊಂದು ನೋಟ, ಆಮೇಲೆ ಹೆಜ್ಜೆ. ಅಪ್ಪ ಇದ್ದಿದ್ದರೆ ಅಲ್ಲೇ ಸಂಬಳ ಏರಿಸುತ್ತಿದ್ದ. ಹದಿಮೂರು ಕುರ್ಚಿಯೂ ತುಂಬಿದವು. ನಾನು ಪೆನ್ಸಿಲ್ ಎತ್ತಿದೆ.

ಮಾತಿಲ್ಲ.

ಮಂತ್ರಿ: "ಒಪ್ಪಂದದ ಪ್ರತಿ ತಮ್ಮ ಮುಂದಿದೆ. ತಮ್ಮ ಅಭಿಪ್ರಾಯ?" ಕಂಚಿನಕಂಠ ನೀರಿನ ಲೋಟವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಕುಡಿಯಲಿಲ್ಲ.

ನಗೆಮೊಗ, ಹಲ್ಲು ಬಿಟ್ಟುಕೊಂಡೇ: "ಪ್ರಚಾರ ಬಿಟ್ಟು ಬಂದಿದೀರಿ. ಏನಾದ್ರೂ ಅಪ್ಪಣೆ ಆಗಲಿ." ಲೋಟ ಇನ್ನೊಂದು ಸುತ್ತು.

ಆಗ ನಿನ್ನೆ ಊಟಕ್ಕೆ ಅವಸರ ಮಾಡಿದ ಹಿರಿಯರು ತಮ್ಮ ನಾಯಕನ ಮುಖ ನೋಡಿದರು. "ಅದೂ... ನಿನ್ನೆ ಆಯ್ತು ಅಂದಿದ್ದು, ಪೂರ್ತಿ ಆಯ್ತು ಅಂತ ಅಲ್ಲ." ಪಕ್ಕದವರು: "ಜನ ಏನಂತಾರೋ ನೋಡ್ಬೇಕಲ್ವಾ." ಒಂದು ಹೊಲಿಗೆ ಬಿಚ್ಚಿತು, ಆಮೇಲೆ ಇನ್ನೊಂದು. ನಲವತ್ತು ನಿಮಿಷದಲ್ಲಿ ಇಡೀ ಅಂಗಿ ನೆಲದ ಮೇಲೆ. ಕಂಚಿನಕಂಠ ತುಟಿ ಬಿಚ್ಚಲಿಲ್ಲ. ಹೂಂ ಅಂದರೆ ಬ್ಯಾಂಕು ಉಳಿಸಿದ ಕೀರ್ತಿ ನಗೆಮೊಗನ ಪಕ್ಷಕ್ಕೆ. ಊಹೂಂ ಅಂದರೆ ಮುಳುಗಿಸಿದ ಪಾಪ ತನ್ನ ತಲೆಗೆ. ಅದಕ್ಕೇ ಲೋಟ.

ಹೊರಗೆ ಬಂದವರೇ ಕ್ಯಾಮೆರಾಗಳ ಮುಂದೆ ಹದಿನಾಲ್ಕು ನಿಮಿಷ. "ಒಳಗೆ ಗುಡುಗಿದ್ದೇನೆ. ಬಡವರ ಠೇವಣಿಗೆ ಕೈ ಹಾಕಿದರೆ ಸುಮ್ಮನಿರುವುದಿಲ್ಲ ಎಂದಿದ್ದೇನೆ." ಕಾರಿಡಾರಿನ ಗಾಜು ಅದುರಿತು.

ಇನ್ನು ನನ್ನ ತಪ್ಪು. ನಿಯಮ ಏನು — ಆಡಿದ ಮಾತು ಮಾತ್ರ ಕಡತಕ್ಕೆ. ಕೆಮ್ಮು, ನಗು, ಸುಮ್ಮನಿರುವುದು, ಇವಕ್ಕೆ ಜಾಗವಿಲ್ಲ. ಆದರೆ ನಟರಿಗೆ ಮರೆತ ಸಾಲು ಹೇಳಿಕೊಡುವ ಅಪ್ಪನ ಪ್ರಾಂಪ್ಟ್ ಪುಸ್ತಕ ಹಿಡಿದು ಸೈಡ್‌ವಿಂಗಿನಲ್ಲಿ ಹನ್ನೆರಡು ವರ್ಷ ನಿಂತ ಕೈ ಇದು. ಪಾತ್ರಧಾರಿ ಸುಮ್ಮನಿದ್ದರೆ ಅದನ್ನೂ ಬರೆದೇ ತೀರಬೇಕು. ಟೈಪ್ ಮಾಡಿ, ಹದಿಮೂರು ಪ್ರತಿ ತೆಗೆದು, ಹದಿಮೂರು ಜನರ ಕೊಠಡಿಗೆ ಕಳಿಸಿದ ಮೇಲೆ ನೋಡಿಕೊಂಡೆ. ಮೂರು ಕಡೆ ಕುಳಿತಿದೆ —

(ಮಾನ್ಯ ಸದಸ್ಯರು ಮೌನ.)


17, ಗುರುವಾರ. ಬೆಳಿಗ್ಗೆ 10

ಎಲ್ಲ ಪತ್ರಿಕೆಯ ಮುಖಪುಟದಲ್ಲೂ ನನ್ನ ಬ್ರ್ಯಾಕೆಟ್ಟು.

ಯಾರೋ ಹಾಳೆಯ ಫೋಟೊ ತೆಗೆದು ಕೊಟ್ಟಿದ್ದಾರೆ. ಪ್ರತಿಯೊಂದು ಹಾಳೆಯ ಮೂಲೆಯಲ್ಲೂ ಅದು ಯಾರ ಪ್ರತಿ ಎನ್ನುವ ಸಂಖ್ಯೆ ಇರುತ್ತದೆ. ಅದರ ಮೇಲೆ ಸರಿಯಾಗಿ ಒಂದು ಹೆಬ್ಬೆರಳು. ಉಗುರು ನಡುವೆ ಉದ್ದಕ್ಕೆ ಸೀಳಿದೆ.

ಊರೆಲ್ಲ ನಗುತ್ತಿದೆ. ಕಂಚಿನಕಂಠ ನಗುತ್ತಿಲ್ಲ. ಯಾವನೋ ಗುಮಾಸ್ತ ನಗೆಮೊಗನ ಕೈಗೊಂಬೆಯಂತೆ. ಕಡತ ತಿದ್ದುವವರೆಗೆ ತನ್ನ ಪಕ್ಷದ ಮೂವತ್ತನಾಲ್ಕು ಮತಗಳಲ್ಲಿ ಒಂದೂ ಮಸೂದೆಗೆ ಬೀಳುವುದಿಲ್ಲವಂತೆ. ಆ ಮತಗಳಿಲ್ಲದೆ ಮಸೂದೆ ಇಲ್ಲ.

ಗುಮಾಸ್ತ. ನಾನೇ.

ಬೆಳಿಗ್ಗೆಯಿಂದ ಎದುರಿಗೆ ಬಂದವರ ಕೈ ನೋಡುತ್ತಿದ್ದೇನೆ. ಲಿಫ್ಟಿನವನದು ನೋಡಿದೆ. ಜೆರಾಕ್ಸ್ ಮಾಡುವವಳದು ನೋಡಿದೆ. ನನ್ನ ಹಾಳೆ ನನ್ನ ಮೇಜಿನ ಮೇಲೇ ಅರ್ಧ ಗಂಟೆ ಬಿದ್ದಿತ್ತು, ಆಗ ಕೋಣೆಯಲ್ಲಿದ್ದವನು ಗೋಂದು ಒಬ್ಬನೇ.

"ನಿನ್ನ ಹೆಬ್ಬೆರಳು ತೋರಿಸು."

"ಯಾಕೆ, ಆಸ್ತಿ ಬರೆಸ್ಕೋತೀಯಾ?"

"ತೋರಿಸೋ."

ತೋರಿಸಿದ. ಉಗುರು ನೆಟ್ಟಗಿದೆ. ಅವನಿಗೆ ಆಮೇಲೆ ಅರ್ಥವಾಯಿತು. ಹದಿನೆಂಟು ವರ್ಷದ ಗೆಳೆಯ. ತನ್ನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತ. ಒಂದು ಟೀ ತರಿಸಿ ಇಟ್ಟೆ. ಅದು ಹಾಗೇ ಕೆನೆ ಕಟ್ಟಿತು.


19, ಶನಿವಾರ. ಮಧ್ಯಾಹ್ನ 1

ನಿನ್ನೆ ಬರೆಯಲಿಲ್ಲ. ಅಕ್ಕನ ಬ್ಯಾಂಕಿನ ಕ್ಯೂ ರಸ್ತೆ ತಿರುವಿನವರೆಗೆ ಬಂದಿತ್ತು. ದೂರದಿಂದ ನೋಡಿ ಬಂದೆ, ಒಳಗೆ ಹೋಗಲಿಲ್ಲ.

ಇವತ್ತು ಸದನದ ಕಾರ್ಯದರ್ಶಿ ಕರೆಸಿದರು. "ಕೂತ್ಕೊಳ್ಳಿ," ಅಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಕುರ್ಚಿ. ಅಲ್ಲೇ ಅನುಮಾನ ಬಂತು. ಮೇಜಿನ ಮೇಲೆ ಎರಡು ಹಾಳೆ ಜಾರಿಸಿದರು. ಬೇರೆ ಯಾರದೋ ಕೈಬರಹ.

"ಇದು ಮಾನ್ಯ ಸದಸ್ಯರು ಬುಧವಾರ ಹೇಳಿದ್ದು."

"ಅವರು ಏನೂ ಹೇಳ್ಲಿಲ್ಲ ಸಾರ್."

"ಮೆಲ್ಲಗೆ ಹೇಳಿರಬಹುದು."

"ಅವರಾ ಸಾರ್? ಮೆಲ್ಲಗಾ?"

ಅವರೂ ಒಂದು ಕ್ಷಣ ತುಟಿ ಕಚ್ಚಿಕೊಂಡರು. ಆಮೇಲೆ ಮತ್ತೆ ಕಾರ್ಯದರ್ಶಿಯ ಮುಖ. "ಸದಸ್ಯರಿಗೆ ತಿದ್ದೋ ಹಕ್ಕಿದೆ. ಪ್ರತಿವೇದಕರು ಹೌದು ಅಂತ ಸಹಿ ಹಾಕಬೇಕು, ಅಷ್ಟೇ. ನೀವು ಇದನ್ನ ಟೈಪ್ ಮಾಡಿ ಸೇರಿಸಿದ್ರೆ ಮಂಗಳವಾರ ಮೂವತ್ತನಾಲ್ಕು ಓಟು ಬರತ್ತೆ. ಇಲ್ಲ ಅಂದ್ರೆ ವಾರದೊಳಗೆ ಬ್ಯಾಂಕ್ ಬಾಗಿಲು ಹಾಕತ್ತೆ. ನಾನು ಬಲವಂತ ಮಾಡ್ತಿಲ್ಲ."

ಬಲವಂತ ಮಾಡುತ್ತಿಲ್ಲ ಅನ್ನುವವರು ಬಾಗಿಲ ಚಿಲಕ ಯಾಕೆ ಹಾಕಿರಬೇಕು?

ಸೋಮವಾರ ಹೇಳುತ್ತೇನೆ ಅಂದು ಎದ್ದೆ. ಮೆಟ್ಟಿಲ ಬಳಿ ನಗೆಮೊಗನ ವಕೀಲರು ಕಾಯುತ್ತಿದ್ದರು, ಕೈಯಲ್ಲಿ ಎರಡು ಕಪ್ ಕಾಫಿ. ನಾನು ಯಾವಾಗ ಹೊರಗೆ ಬರುತ್ತೇನೆಂದು ಇವರಿಗೆ ಹೇಗೆ ಗೊತ್ತು?

"ಗಟ್ಟಿಯಾಗಿ ನಿಲ್ಲಿ ಸಾರ್. ಸಹಿ ಹಾಕಬೇಡಿ. ಕೆಲಸಕ್ಕೆ ಏನಾದ್ರೂ ಆದ್ರೆ ನಾವಿದೀವಿ."

"ಸಹಿ ಹಾಕದಿದ್ರೆ ಮಸೂದೆ ಬಿದ್ದುಹೋಗತ್ತಲ್ಲ ಸ್ವಾಮಿ? ಅದು ನಿಮ್ಮ ಪಕ್ಷದ್ದೇ ಮಸೂದೆ."

"ಬಿದ್ರೆ ಯಾರಿಂದ ಬಿತ್ತು ಅಂತ ಜನಕ್ಕೆ ಗೊತ್ತಾಗತ್ತೆ. ಚುನಾವಣೆಗೆ ಇನ್ನೂ ಎರಡು ವಾರ ಇದೆ."

ಹೇಳಿ ಕಪ್ ಚಾಚಿದರು. ಹೆಬ್ಬೆರಳಿನ ಉಗುರು. ನಡುವೆ, ಉದ್ದಕ್ಕೆ, ಸೀಳು.

ಕಾಫಿ ತೆಗೆದುಕೊಂಡೆ. ಕುಡಿದೆ ಕೂಡ. ಏನು ಮಾಡಬೇಕು ತೋಚದಿದ್ದಾಗ ಮನುಷ್ಯ ಕಾಫಿ ಕುಡಿಯುತ್ತಾನೆ.

ಮಸೂದೆ ತಂದವರಿಗೆ ಅದು ಬೀಳಬೇಕು. ಬೀಳಿಸಿದವರು ಎತ್ತುತ್ತೇವೆ ಅನ್ನುತ್ತಿದ್ದಾರೆ. ಮುಖದ ಬಣ್ಣ ನೋಡಿ ಪಾತ್ರ ಹೇಳುತ್ತಿದ್ದವನು ನಾನು. ಈಗ ಎಲ್ಲರದೂ ಒಂದೇ ಬಣ್ಣ.


20, ಭಾನುವಾರ. ಸಂಜೆ 5

ಅಕ್ಕನ ಮನೆಗೆ ಹೋಗಿದ್ದೆ. ಕಾರ್ಯದರ್ಶಿಯ ವಿಷಯ ಎತ್ತಬಾರದೆಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ ಅಂದಳು:

"ಎರಡು ಹಾಳೆ ಟೈಪ್ ಮಾಡೋಕೆ ನಿನಗೇನೋ ಕಷ್ಟ?"

ಕುರ್ಚಿ ಹತ್ತಿರ ಎಳೆದುಕೊಂಡೆ.

"ಎರಡು ಹಾಳೆ ಅಂತ ನಿನಗೆ ಯಾರು ಹೇಳಿದ್ರು?"

ದಿಂಬಿನ ಕವರು ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು.

"ಅಕ್ಕ."

"ಮ್ಯಾನೇಜರ್ ಕರೆಸಿದ್ರು ನಿನ್ನೆ. ಅವರ ಜೊತೆ ಯಾರೋ ಇದ್ರು, ಒಳ್ಳೆ ಶರ್ಟು. ನಿಮ್ಮ ತಮ್ಮ ಬಹಳ ಒಳ್ಳೆಯವರಂತೆ ಅಂದ್ರು."

"ಅವನ ಉಗುರು ನೋಡಿದ್ಯಾ?"

"ನಿನಗೇನು ತಲೆ ಕೆಟ್ಟಿದ್ಯಾ? ಉಗುರು ಯಾಕೆ ನೋಡಲಿ ನಾನು?" ಬಟ್ಟೆ ಪಕ್ಕಕ್ಕೆ ತಳ್ಳಿದಳು. "ಕೇಳು. ನಾಳೆ ಬಾಗಿಲು ತೆಗೆಯೋ ಮುಂಚೆ ಸ್ಟಾಫು ತಮ್ಮ ದುಡ್ಡು ತೆಗೀಬಹುದು ಅಂತ ಒಳಗೊಳಗೇ ಹೇಳಿದಾರೆ. ನನ್ನ ಫಾರಂ ತುಂಬಿ ಬ್ಯಾಗಲ್ಲಿದೆ. ಇಪ್ಪತ್ತಾರು ವರ್ಷದ್ದು. ಅದನ್ನ ತೆಗೆದ್ರೆ ನನ್ನ ಡ್ರಾಯರಲ್ಲಿ ಉಳಿಯೋದು ನಲವತ್ತು ಜನಕ್ಕೂ ಸಾಲಲ್ಲ. ಆಮೇಲೆ ಹತ್ತು ಗಂಟೆಗೆ ಅದೇ ಕೌಂಟರಲ್ಲಿ ಕೂತು ಮೇಷ್ಟ್ರಿಗೆ ಹೆದರಬೇಡಿ ಅನ್ನಬೇಕು. ಹೇಗೆ ಅನ್ನಲಿ? ನೀನೇ ಬರ್ಕೊಡು ಡೈಲಾಗು."

"ಅವರು ಆಡದೇ ಇರೋ ಮಾತು ಅದು. ಅದಕ್ಕೆ ನಾನು ಸಹಿ—"

"ಸುಳ್ಳು ಅವರದು ಕಣೋ. ನಿನ್ನದು ಬರೀ ಟೈಪಿಂಗು."

ಒಳ್ಳೆ ಶರ್ಟಿನವನು ಹೇಳಿಕೊಟ್ಟ ಮಾತೋ, ಅವಳದೇ ಮಾತೋ. ಕಾಲು ಶತಮಾನ ಒಂದೇ ತಟ್ಟೆಯಲ್ಲಿ ಉಂಡವಳು. ಅವಳ ಬಾಯಿ ನೋಡುತ್ತ ಇದು ಯಾರ ಸಾಲು ಅಂತ ಯೋಚಿಸುತ್ತ ಕೂತೆ.


21, ಸೋಮವಾರ. ಸಂಜೆ 4

ಹಾಕಿದೆ. ಸಹಿ.

ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು. ಫಾರಂ ಕೊಡಲು ಕೈ ಬರಲಿಲ್ಲವಂತೆ. ಸ್ಟಾಫಿನ ಅವಕಾಶ ಮಧ್ಯಾಹ್ನ ಮೂರರವರೆಗೆ ವಿಸ್ತರಿಸಿದ್ದಾರೆ, ನೋಡೋಣ ಅಂದಳು. ಫೋನಿಟ್ಟವನೇ ಕಾರ್ಯದರ್ಶಿಯ ಬಾಗಿಲು ತಟ್ಟಿದೆ.

ಎರಡು ಹಾಳೆ, ಎಂಟು ನಿಮಿಷ, ಒಂದು ತಪ್ಪಿಲ್ಲ. ನಮ್ಮ ಕಸುಬೇ ಹಾಗೆ. ಕಣ್ಣಿನಿಂದ ಬೆರಳಿಗೆ ನೇರ ದಾರಿ, ಮಧ್ಯೆ ತಲೆಗೆ ಕೆಲಸವಿಲ್ಲ. ಇಷ್ಟು ವರ್ಷದ ಭಾಷಣಗಳ ಅರ್ಥವೆಲ್ಲ ಒಳಗೆ ಇಳಿದಿದ್ದರೆ ಎಂದೋ ಹುಚ್ಚು ಹಿಡಿಯುತ್ತಿತ್ತು. ಮೂರು ಬ್ರ್ಯಾಕೆಟ್ಟು ಹೊಡೆದುಹಾಕಿ, ಆ ಜಾಗದಲ್ಲಿ ಕಂಚಿನಕಂಠರ ಗುಡುಗು ಕೂರಿಸಿದೆ. ಕಾರ್ಯದರ್ಶಿ ಕೈ ಕುಲುಕಿದರು. ಅವರ ಅಂಗೈ ಒದ್ದೆಯಾಗಿತ್ತು.

2.40ಕ್ಕೆ, ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. ಅಕ್ಕನಿಗೆ ಫೋನ್.

"ಆಗತ್ತೆ ಅಕ್ಕ. ನಾಳೆ ಪಾಸ್ ಆಗತ್ತೆ."

"ಖಂಡಿತಾನಾ?"

"ಖಂಡಿತ."

ಕಾಗದ ಹರಿಯುವ ಸದ್ದು. ಎರಡು ಸಲ. "ಹರಿದು ಹಾಕ್ದೆ," ಅಂದಳು. ಆಮೇಲೆ ಫೋನ್ ಕಟ್ ಮಾಡಲು ಮರೆತಳೋ ಏನೋ, ಕ್ಯೂ ಕಡೆ ತಿರುಗಿ ಮಾತಾಡಿದ್ದು ಕೇಳಿಸಿತು. ಅಪ್ಪ ಕಲಿಸಿದ ದನಿ, ಹೊಟ್ಟೆಯಿಂದ ಬರುವುದು. "ಎಲ್ರೂ ಕೇಳಿಸ್ಕೊಳ್ಳಿ. ನಾಳೆ ಸರಿಹೋಗತ್ತೆ. ನನ್ನ ತಮ್ಮ ಸದನದಲ್ಲೇ ಇರೋದು. ಮನೆಗೆ ಹೋಗಿ."

ಹೋದರಂತೆ. ಟೈಲರು, ಮೇಷ್ಟ್ರು, ಎಲ್ಲ.


22, ಮಂಗಳವಾರ. ಬೆಳಿಗ್ಗೆ 11.50

ಪ್ರತಿವೇದಕರ ಕೋಣೆ. ಟೈಪ್ ಮಾಡಬೇಕು. ಮಾಡುತ್ತಿಲ್ಲ.

11.20ರಿಂದ ನನ್ನ ಸರದಿ. ಸದನ ತುಂಬಿತ್ತು. ಮಸೂದೆ ಮತಕ್ಕೆ ಹಾಕುವ ಮುಂಚೆ ಕಂಚಿನಕಂಠ ಎದ್ದರು. ಕೈಯಲ್ಲಿ ತಿದ್ದಿದ ಕಡತ. ನಾನು ಟೈಪ್ ಮಾಡಿದ ಎರಡು ಹಾಳೆ. ಓದತೊಡಗಿದರು. ಬಡವರ ಠೇವಣಿ, ಬೆವರಿನ ದುಡ್ಡು. ನಾನು ಗೀಚುತ್ತಿದ್ದೆ. ಎರಡನೇ ಹಾಳೆ, ಕೆಳಗಿನಿಂದ ನಾಲ್ಕನೇ ಸಾಲು:

"ರಕ್ಷಣಾ ನಿಧಿಯನ್ನು ಚುನಾವಣೆಯ ನಂತರ, ಹೊಸ ಸರ್ಕಾರವೇ ಬಿಡುಗಡೆ ಮಾಡತಕ್ಕದ್ದು. ಇದು ನನ್ನ ಷರತ್ತು."

ಪೆನ್ಸಿಲ್ ಮುರಿಯಿತು. ಎರಡನೆಯದು ತೆಗೆದೆ.

"ಈ ಷರತ್ತು ಹಾಕಿದಾಗ," ಅಂದರು, ಹಾಳೆ ಮೇಲೆತ್ತಿ, "ಸಭೆಯಲ್ಲಿ ಒಬ್ಬರಾದರೂ ಆಕ್ಷೇಪ ಎತ್ತಿದರೇ? ಕಡತ ನೋಡಿ. ಒಬ್ಬರೂ ಇಲ್ಲ. ಎಲ್ಲರೂ ಒಪ್ಪಿದ್ದಾರೆ."

ಮಂತ್ರಿ ಎದ್ದು ನಿಂತರು. "ಅಂಥ ಮಾತೇ ಬರಲಿಲ್ಲ ಸ್ವಾಮಿ."

"ಹಾಗಾದರೆ ಕಡತ ಸುಳ್ಳೇ? ಸಹಿ ಯಾರದು?"

ಇಡೀ ಸದನದ ಕಣ್ಣು ನನ್ನ ಮೇಜಿಗೆ. ತಲೆ ಬಗ್ಗಿಸಿ ಅದನ್ನೂ ಬರೆದುಕೊಂಡೆ. ಸಹಿ ಯಾರದು. ಪ್ರಶ್ನಾರ್ಥಕ ಚಿಹ್ನೆ.

ಆಮೇಲೆ ನಗೆಮೊಗ ಎದ್ದರು. ಈಗ ಜಗಳ ಅಂದುಕೊಂಡೆ. ಇಲ್ಲ. "ಇಷ್ಟು ಗೊಂದಲವಿರುವಾಗ ಜನರೇ ತೀರ್ಮಾನ ಮಾಡಲಿ. ಚುನಾವಣೆ ಮುಗಿಯಲಿ." ಅದೇ ಹಲ್ಲು. ಕಂಚಿನಕಂಠ ಬೀಳಿಸಿದರು ಅನ್ನುತ್ತ ಇವರು ಮತ ಕೇಳುತ್ತಾರೆ, ಗೆಲ್ಲಿಸಿದರೆ ಎತ್ತುತ್ತೇನೆ ಅನ್ನುತ್ತ ಅವರು. ಕೈ ಎತ್ತಿಸಿದರು. ಮಸೂದೆ ಚುನಾವಣೆಯ ಆಚೆಗೆ ಹೋಯಿತು. ಚುನಾವಣೆಗೆ ಇನ್ನೂ ಹನ್ನೊಂದು ದಿನ. ಬ್ಯಾಂಕಿನಲ್ಲಿ ನಾಲ್ಕು ದಿನದ ಉಸಿರಿಲ್ಲ.

ಕಾರ್ಯದರ್ಶಿಯ ಕಡೆ ನೋಡಿದೆ. ಮುಖ ಬಿಳಿಚಿಕೊಂಡಿತ್ತು. ಆ ಬಿಳುಪು ನಿಜವೋ, ಪೌಡರೋ. ಆ ಹಾಳೆಗಳನ್ನು ಅವರು ಓದಿರಲಿಲ್ಲವೇ? ಓದಿದ್ದರೇ? ನಾನು ಎರಡನ್ನೂ ನಂಬಲಾರೆ. ನಾನು ಓದಲಿಲ್ಲ ಅಂದರೆ ಯಾರು ನಂಬುತ್ತಾರೆ, ಟೈಪ್ ಮಾಡಿದವನೇ ನಾನು.

ಗೋಂದು ಸರದಿಗೆ ಬಂದಾಗ ನನ್ನ ಭುಜ ಒತ್ತಿ ಕೂತ. ಐದು ದಿನದ ನಂತರ ಅಷ್ಟು.

12.08

ಅಕ್ಕನ ಫೋನ್. ಎತ್ತಲಿಲ್ಲ.

12.11

ಎತ್ತಿದೆ. ಹಿಂದೆ ಗದ್ದಲ. "ಪಾಸ್ ಆಯ್ತಲ್ಲ? ತಡಿ ತಡಿ, ಹೇಳಬೇಡ. ಸ್ಪೀಕರ್ ಹಾಕ್ತೀನಿ. ಇವರೆಲ್ಲ ನಿನ್ನ ಬಾಯಿಂದಲೇ ಕೇಳ್ತಾರಂತೆ. ಮೇಷ್ಟ್ರು ಮುಂದೇನೇ ಇದಾರೆ."

ಕಟ್ ಮಾಡಿದೆ. ಸಿಗ್ನಲ್ ಹೋಯಿತು ಅಂದುಕೊಂಡಿರುತ್ತಾಳೆ.

12.14

ಮೊದಲು ಬರೆದುಕೊಳ್ಳುತ್ತೇನೆ. ಬರೆದುಕೊಳ್ಳದೆ ನನಗೆ ಬಾಯಿ ಬರುವುದಿಲ್ಲ. ಅಕ್ಕ, ಸ್ಪೀಕರ್ ಆಫ್ ಮಾಡು. ಪಾಸ್ ಆಗಲಿಲ್ಲ. ತಪ್ಪು ನನ್ನದು, ಅದನ್ನು ಆಮೇಲೆ ಹೇಳುತ್ತೇನೆ. ಮೂರು ಗಂಟೆಯವರೆಗೆ ಕೌಂಟರ್ ಇದೆ, ಡ್ರಾಯರಿನಲ್ಲಿ ಎಷ್ಟಿದೆಯೋ ಅಷ್ಟೇ. ಇನ್ನೊಂದು ಫಾರಂ ತೆಗೆದುಕೋ. ತುಂಬು. ಮೇಷ್ಟ್ರು ನಿನ್ನ ಎದುರಿಗೇ ನಿಂತಿದ್ದಾರೆ, ಗೊತ್ತು. ಯಾರಿಗೆ ಮೊದಲು ಕೊಡುವುದು ಅಂತ ನೀನು ಕೇಳುತ್ತೀಯ

ಫೋನ್ ಮತ್ತೆ ಹೊಡೆದುಕೊಳ್ಳುತ್ತಿದೆ. ಕೇಳುತ್ತೀಯ, ಅದಕ್ಕೆ ನಾನು ಹೇಳುವುದು, ಅಕ್ಕ, ಮೊದಲು